ಮೂವತ್ತೊಂದು ಹೆಜ್ಜೆಯ ಸೇವಾ ಶುಲ್ಕ

ತಕ್ಕಡಿಯವರಿಗೆ ಕೋಪ ಬರಲು ಹತ್ತು ಗ್ರಾಂ ಸಾಕು. ಹತ್ತು ಗ್ರಾಂ ಕಡಿಮೆ ತೂಗುವ ಅಂಗಡಿಯವರನ್ನು ಅವರು ಮೂವತ್ತು ವರ್ಷಗಳಿಂದ ಬೈಯುತ್ತಾ ಬಂದಿದ್ದಾರೆ. ಬೈದದ್ದಕ್ಕೆ ಸರ್ಕಾರ ಅವರಿಗೆ ತಿಂಗಳು ತಿಂಗಳು ಸಂಬಳ ಕೊಡುತ್ತದೆ. ತೂಕ ಮತ್ತು ಅಳತೆಯ ಕಚೇರಿಯಿಂದ ಹೋಗಿ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವುದು ಅವರ ಕೆಲಸ. ತಕ್ಕಡಿ ಎನ್ನುವುದು ಅಂಗಡಿಯವರೇ ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರನ್ನು ಈಗ ಸಂಬಳದ ಚೀಟಿ ಬಿಟ್ಟರೆ ಯಾರೂ ಬಳಸುವುದಿಲ್ಲ.

ಬೇರೆಯವರಿಗೆ ಕೋಪ ಬಂದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇವರ ಕೋಪಕ್ಕೆ ಏರುವ ಮೆಟ್ಟಿಲು ಮಾತ್ರ ಇದೆ, ಇಳಿಯುವುದು ಇಲ್ಲ. ಹಾಲಿನವನು, ಪೇಪರಿನವನು, ಗ್ಯಾಸಿನವನು ಮೂವರೂ ಇವರ ಬಾಗಿಲು ತಟ್ಟುವ ಮೊದಲು ಪಕ್ಕದ ಮನೆಯಲ್ಲಿ "ಸಾಹೇಬ್ರು ಮನೇಲಿದ್ದಾರಾ?" ಎಂದು ವಿಚಾರಿಸಿಕೊಳ್ಳುತ್ತಾರೆ. ಇದ್ದಾರೆ ಎಂದರೆ ನಾಳೆ ಬರುತ್ತಾರೆ.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಮಗಳು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮಾತು ತೆಗೆದುಕೊಂಡಳು. ಅವಳು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಅದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗನನ್ನು ಮೆಚ್ಚಿದ್ದಳು. ತಾಯಂದಿರಿಬ್ಬರೂ ಮೊದಲ ಭೇಟಿಯಲ್ಲೇ ಒಪ್ಪಿ, ಸೀರೆಯ ಬಣ್ಣದವರೆಗೆ ಮಾತಾಡಿ ಮುಗಿಸಿದ್ದರು. ಉಳಿದದ್ದು ಇಬ್ಬರು ಅಪ್ಪಂದಿರು ಮುಖ ನೋಡಿಕೊಳ್ಳುವುದು. ಅದಕ್ಕೆ ಆ ಮಧ್ಯಾಹ್ನ ದೊಡ್ಡ ಹೋಟೆಲಿನಲ್ಲಿ ಊಟ.

"ಅಪ್ಪಾ, ಇವತ್ತು ಒಂದೇ ಒಂದು ದಿನ," ಎಂದಳು ಮಗಳು. "ಅವರಪ್ಪ ಬಸ್ಸಲ್ಲಿ ಟಿಕೆಟ್ ಚೆಕ್ ಮಾಡ್ತಿದ್ದವರು. ಯಾರಾದ್ರೂ ದನಿ ಏರಿಸಿದ್ರೆ ಅಲ್ಲೇ ಎದ್ದು ಹೋಗ್ತಾರಂತೆ. ಅವರ ದೊಡ್ಡ ಮಗಳ ಮದುವೆ ಮಾತುಕತೆಯಿಂದಲೇ ಎರಡು ಸಲ ಎದ್ದು ಹೋಗಿದ್ದಾರೆ. ನೀನು ಇವತ್ತು ಕೂಗಾಡಿದ್ರೆ ಈ ಸಂಬಂಧ ಮುರೀತು ಅಂತಲೇ ಲೆಕ್ಕ. ಆಮೇಲೆ ನಾನು ಇನ್ನೊಬ್ಬನ್ನ ನೋಡೋದಿಲ್ಲ. ಇದೇ ಮನೇಲಿ ನಿನ್ನ ಕಣ್ಣೆದುರಿಗೇ ಮುದುಕಿ ಆಗ್ತೀನಿ."

"ನಾನು ಯಾವತ್ತು ಕೂಗಾಡಿದೀನಿ?" ಎಂದು ತಕ್ಕಡಿಯವರು ಕೂಗಾಡಿದರು.

ಹೆಂಡತಿ ಹೊಸದಾಗಿ ಹೊಲಿಸಿದ್ದ ಕಪ್ಪು ವೇಸ್ಟ್‌ಕೋಟನ್ನು ಬಿಳಿ ಶರ್ಟಿನ ಮೇಲೆ ತೊಡಿಸಿದಳು. ಹಳೆಯ ಕೋಟಿನ ಜೇಬಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುವುದು ಅವರ ಅಭ್ಯಾಸ. ಕನ್ನಡಕ, ಪೆನ್ನು, ಒಂದು ಚಿಕ್ಕ ಟೇಪು, 'ಈ ತಕ್ಕಡಿ ಬಳಸಬಾರದು' ಎಂದು ಅಚ್ಚಾದ ಕೆಂಪು ಚೀಟಿಗಳ ಕಟ್ಟು. ಭಾನುವಾರ ಅದೇಕೆ ಎಂದು ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಂದಲೇ ಶುರುವಾಗುತ್ತಿತ್ತು.

ಅರ್ಧ ಗಂಟೆ ಮೊದಲೇ ಹೋಟೆಲು ತಲುಪಿದರು. ಎತ್ತರದ ಕನ್ನಡಿಗಳು, ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ನಡುವೆ ಒಂದು ದಪ್ಪ ಕಂಬ. ಹಿಂದುಗಡೆ ಅಡುಗೆಮನೆಗೆ ತಳ್ಳುಬಾಗಿಲು. ಹಣ ಕಟ್ಟುವ ಜಾಗದ ಪಕ್ಕದಲ್ಲಿ ಬೀಗ ಹಾಕಿದ ಮರದ ಪೆಟ್ಟಿಗೆ, ಅದರ ಮೇಲೆ ದೊಡ್ಡದಾಗಿ 'ಟಿಪ್ಸ್'. ಅಲ್ಲಿ ಓಡಾಡುತ್ತಿದ್ದ ಸಪ್ಲಯರುಗಳೆಲ್ಲ ಬಿಳಿ ಶರ್ಟು, ಕಪ್ಪು ವೇಸ್ಟ್‌ಕೋಟು ಹಾಕಿದ್ದನ್ನು ಕಂಡು ಹೆಂಡತಿಯ ಎದೆ ಧಸಕ್ಕೆಂದಿತು. ಅವಳು ಗಂಡನ ಕಡೆ ನೋಡಿದಳು, ಸಪ್ಲಯರುಗಳ ಕಡೆ ನೋಡಿದಳು, ಕೊನೆಗೆ ಎಂಟನೇ ಮೇಜಿನಲ್ಲಿ ಕೂತಳು. ಹುಡುಗನೂ ಅವನ ತಾಯಿಯೂ ದಾರಿಯಲ್ಲಿದ್ದಾರೆ, ತಂದೆ ಬೇರೆಯಾಗಿ ಬರುತ್ತಾರೆ ಎಂದು ಫೋನು ಬಂತು. ಮಗಳು ಬರಮಾಡಿಕೊಳ್ಳಲು ಗೇಟಿನ ಹತ್ತಿರ ಹೋದಳು.

ಹೋಗುವಾಗ ಅಪ್ಪನ ಕಡೆ ಬೆರಳು ತೋರಿಸಿ ಹೋದಳು. ಪಾಪ, ಅಪ್ಪ ಆಗಲೇ ಊಟದ ಪಟ್ಟಿಯನ್ನು ಕೈಗೆ ತೆಗೆದುಕೊಂಡಿದ್ದರು.

ತಕ್ಕಡಿಯವರು ಯಾವ ಕಾಗದವನ್ನೂ ಮೇಲಿನಿಂದ ಓದುವವರಲ್ಲ. ಮೋಸ ಎನ್ನುವುದು ಯಾವಾಗಲೂ ಕೊನೆಯ ಸಾಲಿನಲ್ಲಿ ಚಿಕ್ಕ ಅಕ್ಷರದಲ್ಲಿ ಮನೆ ಮಾಡಿಕೊಂಡಿರುತ್ತದೆ ಎಂಬುದು ಅವರ ಮೂವತ್ತು ವರ್ಷದ ಅನುಭವ. ಅಲ್ಲಿ ಅದು ಇತ್ತು: 'ಬಿಲ್ಲಿನ ಮೇಲೆ ಶೇಕಡಾ ಹನ್ನೆರಡು ಸೇವಾ ಶುಲ್ಕ ಸೇರಿಸಲಾಗುವುದು.' ಮೇಜಿನ ಮೇಲಿನ ಚಿಕ್ಕ ಫಲಕದಲ್ಲಿ ಇನ್ನೊಂದು: 'ಸೇವೆ ಹಿಡಿಸಿತೇ? ಟಿಪ್ಸ್ ಪೆಟ್ಟಿಗೆಯನ್ನು ಮರೆಯಬೇಡಿ.'

"ಏನಯ್ಯಾ, ಬಾ ಇಲ್ಲಿ," ಎಂದರು.

ಬಂದದ್ದು ಆ ಹೋಟೆಲಿನ ಎಲ್ಲರಿಗಿಂತ ಹಿರಿಯ ಸಪ್ಲಯರು. ತಲೆ ಪೂರ್ತಿ ಬೆಳ್ಳಗೆ, ಪ್ಯಾಂಟಿನ ಒಳಗೆ ಮೊಣಕಾಲಿಗೆ ಪಟ್ಟಿ ಕಟ್ಟಿದ್ದು ಉಬ್ಬಿ ಕಾಣುತ್ತಿತ್ತು. ಅಡುಗೆಮನೆಯವರೆಲ್ಲ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು.

"ಹೇಳಿ ಸಾರ್."

"ಈ ಸೇವಾ ಶುಲ್ಕ ಅಂದ್ರೆ ಏನು?"

"ಸೇವೆಗೆ ಸಾರ್."

"ಯಾವ ಸೇವೆ? ಅಡುಗೆಮನೆ ಬಾಗಿಲಿಂದ ಇಲ್ಲಿಗೆ ತರೋದು ತಾನೇ? ಯಾವ ಮೇಜಿಗಾದ್ರೂ ಹದಿನೈದು ಹೆಜ್ಜೆ! ನನ್ನ ಕಣ್ಣಳತೆ ತಪ್ಪೋದಿಲ್ಲ. ಸರಕು ಕೊಂಡ್ರೆ ಡಬ್ಬದ ತೂಕ ಕಳೀಬೇಕು ಅನ್ನೋದು ಕಾನೂನು ಕಣಯ್ಯಾ. ನೀವು ಡಬ್ಬದ ತೂಕಾನೂ ನನ್ನ ತಲೆ ಮೇಲೆ ಹಾಕ್ತೀರಿ, ಆಮೇಲೆ ಡಬ್ಬ ಹೊತ್ತಿದ್ದಕ್ಕೆ ಪೆಟ್ಟಿಗೇಲಿ ಕಾಣಿಕೆ ಬೇರೆ ಕೇಳ್ತೀರಿ!"

"ರೀ," ಎಂದಳು ಹೆಂಡತಿ, ಊಟದ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು.

ಗಲಾಟೆ ಕೇಳಿ ಕೆಂಪು ಟೈ ಕಟ್ಟಿದ ಮ್ಯಾನೇಜರು ಬಂದ. ನಗುವುದಕ್ಕೆಂದೇ ತರಬೇತಿ ಪಡೆದ ಮುಖ. "ಸಾರ್, ಆ ಹಣ ನಮ್ಮ ಸಿಬ್ಬಂದಿಗೇ ಹೋಗುತ್ತೆ."

"ನಿನಗೆ ಬರುತ್ತೇನಯ್ಯಾ?" ಎಂದು ತಕ್ಕಡಿಯವರು ದೊಡ್ಡಣ್ಣನನ್ನು ಕೇಳಿದರು.

ದೊಡ್ಡಣ್ಣ ಮ್ಯಾನೇಜರನ ಬೂಟು ನೋಡಿದ. "ಬರುತ್ತೆ ಸಾರ್."

"ನನಗೆ ಸೇವೆ ಬೇಡ, ಶುಲ್ಕಾನೂ ಬೇಡ."

ಮ್ಯಾನೇಜರನ ನಗು ಒಂದು ಬೆರಳಿನಷ್ಟು ಕುಗ್ಗಿತು. "ಸೇವೆ ಬೇಡ ಅಂದ್ರೆ ಒಳಗೆ ಹೋಗಿ ನೀವೇ ತಂದ್ಕೊಳ್ಳಿ ಸಾರ್!"

ಇದು ವ್ಯಂಗ್ಯ ಎಂದು ಸುತ್ತಲಿನ ಆರು ಮೇಜಿನವರಿಗೂ ಗೊತ್ತಾಯಿತು. ಆದರೆ ತಕ್ಕಡಿಯವರು ನಿಯಮಾವಳಿ ಓದಿ ಬೆಳೆದ ಮನುಷ್ಯ. ಅಧಿಕಾರದಲ್ಲಿರುವವನು ಬಾಯಿ ಬಿಟ್ಟು ಹೇಳಿದ್ದು ಅವರಿಗೆ ಆದೇಶ. "ಸರಿ" ಎಂದು ಎದ್ದರು. ಹೆಂಡತಿ ಕೋಟಿನ ಅಂಚು ಹಿಡಿಯಲು ಕೈ ಚಾಚುವಷ್ಟರಲ್ಲಿ ತಳ್ಳುಬಾಗಿಲು ಅವರನ್ನು ನುಂಗಿ ಎರಡು ಸಲ ಅಲ್ಲಾಡಿ ನಿಂತಿತು.

ಒಳಗೆ ಬೆಂಕಿ, ಹಬೆ, ಪಾತ್ರೆಗಳ ಸದ್ದು. ತಕ್ಕಡಿಯವರು "ನೋಡಿ, ನಾನು ಗಿರಾಕಿ" ಎಂದು ಶುರುಮಾಡಿದರು. ಅಷ್ಟು ಶಬ್ದದಲ್ಲಿ ಅದು ಅವರಿಗೇ ಕೇಳಿಸಲಿಲ್ಲ. ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಗಿರಾಕಿಗೆ ತೂಕದ ಲೆಕ್ಕದಲ್ಲಿ ಮಾರುವ ಮೀನನ್ನು ತೂಗುವ ತಕ್ಕಡಿ ಇತ್ತು. ಅಭ್ಯಾಸದಿಂದ ಕಣ್ಣು ಅತ್ತ ಹೋಯಿತು. ಮೊಹರು ನಾಲ್ಕು ವರ್ಷ ಹಳೆಯದು. ತಟ್ಟೆಯ ಕೆಳಗೆ ಹಿಟ್ಟಿನ ಉಂಡೆ ಅಂಟಿಸಿದ್ದರು; ಕಡಿಮೆಯೆಂದರೂ ಮೂವತ್ತು ಗ್ರಾಂ ಹೆಚ್ಚು ತೋರಿಸಲು. ತಕ್ಕಡಿಯವರ ಕೈ ಕೆಂಪು ಚೀಟಿಯಿದ್ದ ಜೇಬಿಗೆ ತಾನಾಗಿಯೇ ಹೋಯಿತು. ಆಗ ಮಗಳ ಬೆರಳು ನೆನಪಾಯಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರು ಕಂಡೂ ಕಾಣದಂತೆ ಕೈ ಹೊರಗೆ ತೆಗೆದರು. ಆ ಒಂದು ಕ್ಷಣಕ್ಕೆ ಅವರು ಪಟ್ಟ ಸಂಕಟ ಮಗಳಿಗೆ ಇವತ್ತಿಗೂ ಗೊತ್ತಿಲ್ಲ.

ಹಾಗೆ ಹೊರಗೆ ಬಂದ ಕೈಗೆ ಅಡುಗೆಯವನು ಬಿಸಿ ಟ್ರೇ ಇಟ್ಟುಬಿಟ್ಟ.

"ಏಯ್ ಹೊಸಬಾ! ನಿಂತ್ಕೊಂಡು ಏನು ನೋಡ್ತೀಯ? ನಾಲ್ಕನೇ ಮೇಜು! ಸೂಪು ಆರಿದ್ರೆ ನಿನ್ನ ಸಂಬಳದಲ್ಲಿ ಹಿಡೀತಾರೆ!"

ಟ್ರೇ ಕೆಳಗಿಡಲು ಜಾಗವಿರಲಿಲ್ಲ. ಕೈ ಸುಡುತ್ತಿತ್ತು. ತಕ್ಕಡಿಯವರು ಬೆನ್ನಿನಿಂದ ಬಾಗಿಲು ತಳ್ಳಿ ನಡೆದರು, ನಡೆಯುತ್ತಾ ಎಣಿಸಿದರು. ಕಂಬ ಸುತ್ತಿ, ಎರಡು ಕುರ್ಚಿಗಳ ನಡುವೆ ಹೊಟ್ಟೆ ಎಳೆದುಕೊಂಡು, ಒಬ್ಬರ ಕೈಚೀಲ ದಾಟಿ, ನಾಲ್ಕನೇ ಮೇಜು ತಲುಪುವಾಗ ಲೆಕ್ಕ ಮೂವತ್ತೊಂದಾಗಿತ್ತು. ಹದಿನೈದಲ್ಲ, ಮೂವತ್ತೊಂದು! ತನ್ನ ಕಣ್ಣಳತೆ ತಪ್ಪಿತೆಂಬ ಸಿಟ್ಟು ಸುಟ್ಟ ಕೈಗಿಂತ ಹೆಚ್ಚು ಉರಿಯಿತು.

"ಇಷ್ಟು ಹೊತ್ತಾ?" ಎಂದಿತು ನಾಲ್ಕನೇ ಮೇಜು. "ನೀರು ತಾ" ಎಂದಿತು ಐದನೇ ಮೇಜು. ಆರನೇ ಮೇಜಿನವನು ಮಾತೇ ಆಡಲಿಲ್ಲ, ಚಿಟಿಕೆ ಹೊಡೆದ. ನಾಯಿಯನ್ನು ಕರೆಯುವವರೂ ಅದಕ್ಕಿಂತ ಮರ್ಯಾದೆಯಿಂದ ಕರೆಯುತ್ತಾರೆ. ತಕ್ಕಡಿಯವರು ಉತ್ತರ ಕೊಡಲು ಬಾಯಿ ತೆರೆದರು, ಗೇಟಿನ ಕಡೆ ನೋಡಿದರು, ಬಾಯಿ ಮುಚ್ಚಿದರು. ಕೂಗದೆ ಇರಬೇಕಾದರೆ ಏನಾದರೂ ಮಾಡುತ್ತಿರಬೇಕು. ಆದ್ದರಿಂದ ಅವರು ನೀರು ತಂದರು. ಬ್ರೆಡ್ಡು ತಂದರು. ಒಂದೊಂದು ಸಲವೂ ಮೂವತ್ತೊಂದು ಹೆಜ್ಜೆ. ಎಂಟನೇ ಮೇಜಿನಲ್ಲಿ ಹೆಂಡತಿ ಊಟದ ಪಟ್ಟಿಯ ಹಿಂದಿನಿಂದ ಒಂದೇ ಕಣ್ಣಲ್ಲಿ ಇದನ್ನೆಲ್ಲ ನೋಡುತ್ತಿದ್ದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ಲೋಟ ನೀರನ್ನೂ ಯಾರಿಗೂ ತಂದುಕೊಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಐದನೇ ಮೇಜಿನ ಅಜ್ಜಿ ಹೊರಡುವಾಗ ಅವರ ಜೇಬಿಗೆ ಒಂದು ನೋಟು ತುರುಕಿದಳು. ತಕ್ಷಣ ದೊಡ್ಡಣ್ಣ ಓಡಿ ಬಂದ.

"ಸಾರ್, ಅದನ್ನ ಪೆಟ್ಟಿಗೆಗೆ ಹಾಕ್ಬಿಡಿ. ಮೇಲೆ ಕ್ಯಾಮೆರಾ ಇದೆ. ಜೇಬಲ್ಲಿ ಕಂಡ್ರೆ ಒಂದು ದಿನದ ಕೂಲಿ ಹೋಗುತ್ತೆ."

"ಪೆಟ್ಟಿಗೇದು ಆಮೇಲೆ ನಿಮಗೆ ಹಂಚ್ತಾರಾ?"

"ಒಡೆದ ಲೋಟ, ಹರಿದ ಬಟ್ಟೆ ಲೆಕ್ಕಕ್ಕೆ ಹಿಡ್ಕೋತಾರೆ ಸಾರ್. ಲೋಟ ಒಡೀದಿದ್ರೂ ಲೆಕ್ಕ ಒಡೆದೇ ಇರುತ್ತೆ."

"ಮತ್ತೆ ಆ ಹನ್ನೆರಡು ಪರ್ಸೆಂಟು?"

"ಅದು ಮೇಲೆ ಹೋಗುತ್ತೆ. ಮೇಲೆ ಅಂದ್ರೆ ಎಲ್ಲಿ ಅಂತ ನಾವು ಕೇಳಿಲ್ಲ. ಹತ್ತೊಂಬತ್ತು ವರ್ಷ ಆಯ್ತು."

"ಆಗ ಬರುತ್ತೆ ಅಂದ್ರಲ್ಲ!"

"ನೀವು ಅವರ ಎದುರಿಗೇ ಕೇಳಿದ್ರಲ್ಲ ಸಾರ್."

ತಕ್ಕಡಿಯವರ ಕೋಪ ಅಲ್ಲಿಯೇ ನಿಂತು ದಿಕ್ಕು ಬದಲಿಸಿತು. ಇಷ್ಟು ಹೊತ್ತು ತನ್ನಿಂದ ಹನ್ನೆರಡು ಕಿತ್ತುಕೊಳ್ಳುತ್ತಾರೆ ಎಂದು ಉರಿಯುತ್ತಿದ್ದರು. ಈಗ ಅದೇ ಹನ್ನೆರಡನ್ನು ಈ ಮೊಣಕಾಲಿನ ಹೆಸರು ಹೇಳಿಕೊಂಡು ಕೀಳುತ್ತಾರೆ, ಮೊಣಕಾಲಿಗೆ ಒಂದು ಕಾಸೂ ಮುಟ್ಟಿಸುವುದಿಲ್ಲ ಎಂದು ಉರಿಯತೊಡಗಿದರು. ಒಂದು ಸರಕನ್ನು ಎರಡು ಸಲ ಕದಿಯುವವರನ್ನು ಅವರು ಸಂತೆಯಲ್ಲೂ ಕಂಡಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಗಲ್ಲಾದವನು ಅವರ ಕೈಗೆ ಒಂದು ಬಿಲ್ಲು ಕೊಟ್ಟ. "ಎರಡನೇ ಮೇಜು, ಬೇಗ."

ಎರಡನೇ ಮೇಜು ಕಂಬದ ಹಿಂದೆ ಇತ್ತು. ಅಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಒಬ್ಬರೇ ಕೂತು ಒಂದು ಕಾಫಿ ಕುಡಿದಿದ್ದರು. ಬಿಲ್ಲನ್ನು ಕೈಗೆ ತೆಗೆದುಕೊಂಡು ಅವರೂ ಕೆಳಗಿನ ಸಾಲಿನಿಂದ ಓದಿದರು.

"ಏನಯ್ಯಾ ಇದು? ಒಂದು ಕಾಫಿಗೆ ಸೇವಾ ಶುಲ್ಕ?"

"ಹೌದು."

"ಯಾವ ಸೇವೆ? ಆ ಬಾಗಿಲಿಂದ ಇಲ್ಲಿಗೆ ಹತ್ತು ಹೆಜ್ಜೆ ಇಲ್ಲ! ಒಂದೇ ಸ್ಟಾಪಿಗೆ ಎರಡು ಟಿಕೆಟ್ ಹರಿಯೋ ಕಂಡಕ್ಟರುಗಳನ್ನ ನಡುದಾರೀಲಿ ಇಳಿಸಿದವನು ನಾನು. ನನ್ನ ಹತ್ರ ಈ ಆಟ ನಡಿಯಲ್ಲ. ನಿಮ್ಮಂಥ ಕಳ್ಳರನ್ನ ಸಾವಿರ ನೋಡಿದೀನಿ!"

ಟಿಕೆಟ್ ಎಂಬ ಮಾತು ತಕ್ಕಡಿಯವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಜಾಗವಿರಲಿಲ್ಲ. ಅರ್ಧ ಗಂಟೆಯಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಒಟ್ಟಿಗೆ ಬಾಗಿಲು ಒಡೆದುಕೊಂಡು ಬಂತು.

"ಹತ್ತು ಹೆಜ್ಜೆನಾ? ಎದ್ದು ನಡೆದು ನೋಡ್ರೀ! ಮೂವತ್ತೊಂದು! ಕಂಬ ಸುತ್ತಬೇಕು, ಬಾಗಿಲನ್ನ ಬೆನ್ನಲ್ಲಿ ತಳ್ಳಬೇಕು, ಕೈ ಸುಡ್ತಿದ್ರೂ ನಗ್ತಾ ಇರಬೇಕು! ಕೂತ್ಕೊಂಡು ಚಿಟಿಕೆ ಹೊಡೆಯೋರಿಗೆ ಏನು ಗೊತ್ತು? ಕಳ್ಳ ಅಂತೀರಾ? ಯಾರು ಕಳ್ಳ?"

"ನಗ್ತಾನಾ? ಎಲ್ಲಿದೆ ನಿನ್ನ ಮುಖದಲ್ಲಿ ನಗು?" ಎಂದು ಆ ಮನುಷ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"'ನೀನು' ಅಂತ ಮಾತಾಡಿದ್ರೆ ಚೆನ್ನಾಗಿರಲ್ಲ!"

"ಇಂಥ ಒರಟನ್ನ ನನ್ನ ಜೀವಮಾನದಲ್ಲೇ ಕಂಡಿಲ್ಲ! ನಾನು ಇಲ್ಲಿ ಒಂದು ನಿಮಿಷ ನಿಲ್ಲೋದಿಲ್ಲ!"

"ಅಪ್ಪಾ!" ಎಂಬ ಕೂಗು ಕೇಳಿಸಿತು. ಇಬ್ಬರೂ ಒಟ್ಟಿಗೆ ತಿರುಗಿದರು. ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳ ಪಕ್ಕದಲ್ಲಿ ನಿಂತ ಹುಡುಗನೂ "ಅಪ್ಪಾ!" ಎಂದು ಕೂಗಿದ್ದ. ಹುಡುಗ ನೋಡುತ್ತಿದ್ದದ್ದು ಮೀಸೆಯವರನ್ನು.

ಎಂಟನೇ ಮೇಜಿನಲ್ಲಿ ಊಟದ ಪಟ್ಟಿ ಮೆಲ್ಲಗೆ ಕೆಳಗಿಳಿದು ಹೆಂಡತಿಯ ಮುಖ ಕಾಣಿಸಿತು, ಬಣ್ಣವೇ ಇರಲಿಲ್ಲ. ಇಬ್ಬರು ಬೀಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಎದ್ದು ನಿಂತಿದ್ದ ಮೀಸೆಯವರು ಇನ್ನೂ ಹೊರಟಿರಲಿಲ್ಲ, ಅಷ್ಟೇ.

ಆ ನಡುವೆ ಕೆಂಪು ಟೈ ನುಗ್ಗಿ ಬಂತು. "ಕ್ಷಮಿಸಿ ಸಾರ್," ಎಂದು ಮೀಸೆಯವರಿಗೆ ಕೈಮುಗಿದ ಮ್ಯಾನೇಜರು, "ಈ ಸಪ್ಲಯರನ್ನ ಇವತ್ತೇ ತೆಗೆದು ಹಾಕ್ತೀನಿ" ಎಂದು ತಕ್ಕಡಿಯವರ ಕಡೆ ತಿರುಗಿದ. ತಿರುಗಿದ ಮೇಲೆ ಗುರುತು ಸಿಕ್ಕಿತು. ತೆಗೆದು ಹಾಕುತ್ತೇನೆ ಎಂದು ಬಾಯಿಂದ ಬಂದಾಗಿತ್ತು, ಯಾರನ್ನಾದರೂ ತೆಗೆಯಲೇಬೇಕಿತ್ತು. "ದೊಡ್ಡಣ್ಣಾ! ಗಿರಾಕಿಗಳ ಕೈಲಿ ಕೆಲಸ ಮಾಡಿಸ್ತೀಯಾ? ನಾಳೆಯಿಂದ ಬರಬೇಡ!"

ದೊಡ್ಡಣ್ಣ ವೇಸ್ಟ್‌ಕೋಟಿನ ಗುಂಡಿ ಬಿಚ್ಚತೊಡಗಿದ. ಅದು ಹೋಟೆಲಿನ ಕೋಟು.

ತಕ್ಕಡಿಯವರ ಕಣ್ಣು ಕೆಂಡವಾಯಿತು. "ಬನ್ನಿ ಇಲ್ಲಿ," ಎಂದು ಮ್ಯಾನೇಜರನ ಕೈ ಹಿಡಿದು ತಳ್ಳುಬಾಗಿಲ ಕಡೆ ಎಳೆದುಕೊಂಡು ಹೋದರು. ಯಾಕೆಂದು ತಿಳಿಯದೆ ಮೀಸೆಯವರೂ ಹಿಂದೆ ಹೋದರು. ತನಿಖೆಯ ವಾಸನೆ ಬಂದರೆ ಅವರಿಗೆ ಕಾಲು ನಿಲ್ಲುವುದಿಲ್ಲ. ತಕ್ಕಡಿಯವರು ಮೀನಿನ ತಕ್ಕಡಿಯ ಕೆಳಗಿನಿಂದ ಹಿಟ್ಟಿನ ಉಂಡೆ ಕಿತ್ತು ಮ್ಯಾನೇಜರನ ಮೂಗಿನ ಕೆಳಗೆ ಹಿಡಿದರು.

"ಇದೂ ಸೇವೇನಾ? ನಾನು ಯಾರು ಗೊತ್ತಾ? ತೂಕ ಮತ್ತು ಅಳತೆ ಕಚೇರಿ!"

ಮ್ಯಾನೇಜರನ ಮುಖ ಆ ಹಿಟ್ಟಿನ ಬಣ್ಣಕ್ಕೆ ಬಂತು. "ಸಾರ್... ಸಾರ್, ಒಂದು ನಿಮಿಷ... ದೊಡ್ಡಣ್ಣ ಇರಲಿ ಸಾರ್. ಅವರ ಕೆಲಸ ಎಲ್ಲೂ ಹೋಗಲ್ಲ. ಬೇಕಾದ್ರೆ ಸಂಬಳಾನೂ..."

ಅಷ್ಟರಲ್ಲಿ ಕೆಂಪು ಚೀಟಿ ಹೊರಬಂದು, ನಾಲಿಗೆಗೆ ತಾಗಿ, ತಕ್ಕಡಿಯ ನೆತ್ತಿಗೆ ಪಟ್ಟನೆ ಅಂಟಿಕೊಂಡಿತ್ತು. 'ಈ ತಕ್ಕಡಿ ಬಳಸಬಾರದು.'

"ಅಯ್ಯೋ!" ಎಂದರು ಮೀಸೆಯ ಬೀಗರು ಹಣೆ ಚಚ್ಚಿಕೊಂಡು. "ಅಂಟಿಸ್ತೀನಿ ಅಂತ ಹೆದರಿಸಬೇಕಿತ್ತು ಕಣ್ರೀ! ಅಂಟಿಸಿಬಿಟ್ಟರೆ ಅವನು ಯಾಕೆ ಹೆದರ್ತಾನೆ?"

"ತಪ್ಪು ಕಂಡ್ರೆ ಅಂಟಿಸಬೇಕು. ಅದರಲ್ಲಿ ವ್ಯಾಪಾರ ಮಾಡೋದಕ್ಕೆ ನಾನೇನು ಇವನಾ?" ಎಂದು ತಕ್ಕಡಿಯವರು ಗುಡುಗಿದರು.

ಇನ್ನು ಹೆದರಲು ಏನೂ ಉಳಿದಿರದ ಮ್ಯಾನೇಜರು ಎಲ್ಲರನ್ನೂ ಹೊರಗೆ ಹಾಕಿದ. ಐದು ನಿಮಿಷದಲ್ಲಿ ಎರಡು ಸಂಸಾರಗಳು ಹಸಿದ ಹೊಟ್ಟೆಯಲ್ಲಿ ಫುಟ್‌ಪಾತಿನ ಮೇಲಿದ್ದವು. ಪಕ್ಕದಲ್ಲಿ ದೊಡ್ಡಣ್ಣ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಮಗಳು ಕೇಳಿದ್ದಕ್ಕೆ ಅವನು ಹತ್ತೊಂಬತ್ತು ವರ್ಷದ ಕೆಲಸದ, ಬೀಗದ ಪೆಟ್ಟಿಗೆಯ ಕಥೆಯನ್ನೆಲ್ಲ ಹೇಳಿದ. ಬಿಸಿಲು ಸುಡುತ್ತಿತ್ತು.

"ಹೋಗ್ಲಿ ಬಿಡಿ," ಎಂದರು ಮೀಸೆಯವರು. "ಸೇವಾ ಶುಲ್ಕ ಅಂತೂ ಕಟ್ಟಲಿಲ್ಲ." ತಕ್ಕಡಿಯವರ ಮುಖದಲ್ಲೂ ಗೆದ್ದ ಗತ್ತು ಬಂತು. "ಒಂದು ಕಾಸೂ ಇಲ್ಲ," ಎಂದರು.

ಆಗ ಮಗಳು ಬಾಯಿ ತೆರೆದಳು. ತಕ್ಕಡಿಯವರ ಕೋಪ ಎಲ್ಲಿಂದ ಎಲ್ಲಿಗೆ ಹರಿದು ಹೋಗಿದೆ ಎಂಬುದು ಆ ಬೀದಿಗೆಲ್ಲ ಆಗ ಗೊತ್ತಾಯಿತು.

"ಗೆದ್ರಾ ಇಬ್ಬರೂ? ನಾಚಿಕೆ ಆಗಲ್ವಾ? ನಿಮಗೆ ಬಿಲ್ಲು ಉಳೀತು, ಇವರ ಕೆಲಸ ಹೋಯ್ತು! ಹತ್ತೊಂಬತ್ತು ವರ್ಷ! ಅಪ್ಪಾ, ಮೂವತ್ತೊಂದು ಹೆಜ್ಜೆ ಅಂತ ಕೂಗಿದೆಯಲ್ಲ, ನೀನು ನಡೆದದ್ದು ಅರ್ಧ ಗಂಟೆ. ಮಾವ, ನೀವು ಬಡಿಸೋರನ್ನ ಕಳ್ಳರು ಅಂದ್ರಿ, ಪೆಟ್ಟಿಗೆಗೆ ಬೀಗ ಹಾಕಿಟ್ಟುಕೊಂಡವನಿಗೆ ಏನೂ ಅನ್ನಲಿಲ್ಲ. ಎದ್ದು ಹೋಗೋರು ಹೋಗಿ! ನಾನು ಮದುವೆ ಆಗೋದು ನಿಮ್ಮ ಮಗನ್ನ, ನಿಮ್ಮನ್ನಲ್ಲ!"

ಮೀಸೆಯವರನ್ನು ಅವರ ಜೀವಮಾನದಲ್ಲಿ ಯಾರೂ ಹಾಗೆ ನಡುದಾರಿಯಲ್ಲಿ ಇಳಿಸಿರಲಿಲ್ಲ. ಅವರು ಎದ್ದು ಹೋಗಲು ನೋಡಿದರು; ಕೂತೇ ಇರಲಿಲ್ಲವಾದ್ದರಿಂದ ಆಗಲಿಲ್ಲ. ಹುಡುಗನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೂವತ್ತು ವರ್ಷದಿಂದ ಈ ಮಾತು ಹೇಳುವವರಿಗಾಗಿ ಅವರು ಕಾದಿದ್ದರು.

"ಈಗ ಕೇಳಿ," ಎಂದಳು ಮಗಳು. "ನಮ್ಮ ಮದುವೆ ಊಟದ ಮೇಲ್ವಿಚಾರಣೆ ಪೂರ್ತಿ ದೊಡ್ಡಣ್ಣಂದು. ಅವರು ಕೇಳಿದಷ್ಟು ಸಂಬಳ, ಮೊದಲೇ ಕೈಗೆ. ಬಡಿಸೋರು ನೀವಿಬ್ಬರು. ಅವರು ಹೇಳಿದ ಹಾಗೆ ಕೇಳಬೇಕು. ಒಪ್ಪಿಗೆ ಇಲ್ಲದಿದ್ರೆ ಮದುವೆಗೇ ಬರಬೇಡಿ."

ಹಾಗೇ ಆಯಿತು. ಮದುವೆಯ ದಿನ ಕಪ್ಪು ವೇಸ್ಟ್‌ಕೋಟು ತೊಟ್ಟ ಇಬ್ಬರು ಬೀಗರು ಇನ್ನೂರು ಜನಕ್ಕೆ ಬಡಿಸಿದರು. ದೊಡ್ಡಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೊಣಕಾಲು ಚಾಚಿ ಕೂತು, "ಮೂರನೇ ಮೇಜಿಗೆ ನೀರು! ಸಾರ್, ಟ್ರೇ ಎದೆ ಮಟ್ಟಕ್ಕೆ!" ಎಂದು ಹೇಳುತ್ತಿದ್ದರು. ಬಂದ ನೆಂಟರಲ್ಲಿ ಇಬ್ಬರು ತಮ್ಮ ಮನೆಯ ಮದುವೆಗೂ ಅಲ್ಲೇ ಅವರಿಗೆ ಮುಂಗಡ ಕೊಟ್ಟರು. ತಕ್ಕಡಿಯವರಂತೂ ಬಡಿಸುವಷ್ಟು ಹೊತ್ತೂ ಒಂದು ಸಲವೂ ದನಿ ಏರಿಸಲಿಲ್ಲ. ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ಒಂದು ಹನಿ ಚೆಲ್ಲದೆ ಬಡಿಸಿದರು.

ಕೊನೆಯ ಪಂಕ್ತಿ ಮುಗಿಯುವ ಹೊತ್ತಿಗೆ ದೊಡ್ಡಣ್ಣ ಇಬ್ಬರನ್ನೂ ಕರೆದು ಕೈಗೆ ಒಂದೊಂದು ನಾಣ್ಯ ಇಟ್ಟರು. "ಟಿಪ್ಸು. ಪೆಟ್ಟಿಗೆ ಇಲ್ಲ, ಜೇಬಿಗೇ ಹಾಕ್ಕೊಳ್ಳಿ."

ತಕ್ಕಡಿಯವರು ನಾಣ್ಯವನ್ನು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ, ಅಭ್ಯಾಸ ಬಿಡಬೇಕಲ್ಲ, ಬೀಗರ ಅಂಗೈಯನ್ನೂ ನೋಡಿದರು. ಅಲ್ಲಿದ್ದ ನಾಣ್ಯ ದೊಡ್ಡದು.

"ಇದು ಯಾವ ಲೆಕ್ಕ?" ಎಂದು ಅವರ ದನಿ ಆ ದಿನ ಮೊದಲ ಸಲ ಚಾವಣಿ ಮುಟ್ಟಿತು. "ನಾನೂ ಅಷ್ಟೇ ಹೆಜ್ಜೆ ನಡೆದಿದ್ದೀನಿ!"

"ನಡೆದ್ರಿ ಸಾರ್," ಎಂದರು ದೊಡ್ಡಣ್ಣ ಶಾಂತವಾಗಿ. "ಬೀಗರು ನಗ್ತಾ ನಡೆದ್ರು."

ತಕ್ಕಡಿಯವರು ಒಂದು ಗಳಿಗೆ ಅವರನ್ನು ದುರುಗುಟ್ಟಿ ನೋಡಿದರು. ಆಮೇಲೆ ಉಳಿದಿದ್ದ ಒಂದೇ ಐಸ್‌ಕ್ರೀಮಿನ ಟ್ರೇಯನ್ನು ಎದೆ ಮಟ್ಟಕ್ಕೆ ಎತ್ತಿ, ಬೆನ್ನಿನಿಂದ ಬಾಗಿಲು ತಳ್ಳಿ, ಕೊನೆಯ ಮೇಜಿನತ್ತ ನಡೆದರು. ಅಲ್ಲಿ ಕೂತಿದ್ದ ಮಗುವಿನ ಮುಂದೆ ಬಾಗಿ, ಇದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕರು.

ಮಗು ಚೀರಿ ಅಳತೊಡಗಿತು.